ಸಾವನದುರ್ಗ ಗೆದ್ದ ಲಾರ್ಡ್ ಕಾರ್ನ್‌ವಾಲಿಸ್

ನೀವು ಬೈರಾಪಟ್ಟಣದವರಿರಲಿ, ಮಾಗಡಿಯವರಿರಲಿ, ಸಾವನದುರ್ಗದ ಹೆಬ್ಬಂಡೆ ನಿಮಗೆ ಹೊಸದಲ್ಲ. 1791ರ ಡಿಸೆಂಬರ್ 21ರಂದು ಇಲ್ಲಿನ ಕೋಟೆ ಇಂಗ್ಲಿಷರ ವಶವಾಯಿತು. ಆ ಸೇನೆಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್ ಬರಿಯ ದಂಡನಾಯಕನಲ್ಲ, ಬ್ರಿಟನ್ನಿನ ಶ್ರೀಮಂತ ಮನೆತನದ ರಾಜಕಾರಣಿಯೂ ಹೌದು.

1738ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವನು 1760ರಲ್ಲಿ ಕಾಮನ್ಸ್ ಸಭೆ ಸೇರಿದ. 1762ರಲ್ಲಿ ತಂದೆ ತೀರಿಕೊಂಡಾಗ ಅರ್ಲ್ ಪದವಿಯೂ, ಅದರ ಜೊತೆಗೆ ಲಾರ್ಡ್ಸ್ ಸಭೆಯ ಸ್ಥಾನವೂ ದೊರೆತವು. ಅದಕ್ಕೆ ಚುನಾವಣೆ ಬೇಕಿರಲಿಲ್ಲ, ವಂಶವೇ ಸಾಕಿತ್ತು. ಅಮೆರಿಕದ ವಸಾಹತುಗಳ ಮೇಲೆ ಪಾರ್ಲಿಮೆಂಟಿಗೆ ಪೂರ್ಣ ಅಧಿಕಾರವಿದೆ ಎಂದು ಸಾರುವ ಮಸೂದೆ 1766ರಲ್ಲಿ ಬಂದಾಗ ಅದನ್ನು ವಿರೋಧಿಸಿದ ಐವರು ಲಾರ್ಡುಗಳಲ್ಲಿ ಇವನೊಬ್ಬ. ಆದರೂ ಯುದ್ಧ ಶುರುವಾದಾಗ ಅದೇ ಅಮೆರಿಕನ್ನರ ಮೇಲೆ ಹೋರಾಡಿದ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ.

ಇಷ್ಟು ದೊಡ್ಡ ಸೋಲೂ ಅವನ ಏಳಿಗೆಯನ್ನು ತಡೆಯಲಿಲ್ಲ. 1786ರಲ್ಲಿ ಅವನು ಬಂಗಾಳದ ಗವರ್ನರ್ ಜನರಲ್ ಆದ. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದ. ಅಷ್ಟರಲ್ಲಿ ಎತ್ತುಗಳು ಸತ್ತವು, ದವಸ ಮುಗಿಯಿತು. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ದಾರಿಯ ಗಿರಿದುರ್ಗಗಳು ಟಿಪ್ಪುವಿನ ಕೈಯಲ್ಲಿರುವವರೆಗೆ ದವಸ ಸಾಗಿಸುವುದು ಕಷ್ಟವೆಂದು ಕಾರ್ನ್‌ವಾಲಿಸ್ ಮನಗಂಡ. ಸಾವನದುರ್ಗದ ಮೇಲೆ ಅವನ ಕಣ್ಣು ಬಿದ್ದದ್ದು ಇದಕ್ಕಾಗಿಯೇ. ಅದರ ಬೆನ್ನಿಗೇ ರಾಮಗಿರಿಯೂ ಅವನ ವಶವಾಯಿತು.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು. ಅವನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಮರುವರ್ಷ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ತಂದ. ಸರ್ಕಾರಕ್ಕೆ ಸಲ್ಲುವ ಕಂದಾಯ ನಿಗದಿಯಾಯಿತು; ಉಳುವವನಿಗೆ ಮಾತ್ರ ಭದ್ರತೆ ಸಿಗಲಿಲ್ಲ. ಮುಂದೆ ಐರ್ಲೆಂಡನ್ನು ಆಳಿ, 1802ರಲ್ಲಿ ಫ್ರಾನ್ಸಿನೊಡನೆ ಆಮಿಯೆನ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. 1805ರಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದು, ಅದೇ ವರ್ಷ ಗಾಜಿಪುರದಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲಿದೆ.

ಸಭೆಯಲ್ಲಿ ವಸಾಹತಿನ ಜನರ ಪರವಾಗಿ ಮತ ಹಾಕಿದವನೇ ಇಲ್ಲಿ ಮಕ್ಕಳನ್ನು ಒತ್ತೆಯಿಟ್ಟುಕೊಂಡ. ಒಬ್ಬ ರಾಜಕಾರಣಿಯನ್ನು ಅಳೆಯುವಾಗ ಅವನ ಮತವನ್ನಷ್ಟೇ ಅಲ್ಲ, ಅಧಿಕಾರ ಕೈಗೆ ಬಂದಾಗ ಅವನು ಮಾಡಿದ್ದನ್ನೂ ನೋಡಬೇಕು. ಇತಿಹಾಸ ಓದುವಾಗ ಇವೆರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿರಿ.