ಮೊಬೈಲಿನ ನಕ್ಷೆಗಳು: ಯಾವ ದಾರಿಗೆ ಯಾವುದನ್ನು ನಂಬಬೇಕು?

ಬೇಸಿಗೆಯ ರಜೆಗೋ ಚೌತಿಯ ಹಬ್ಬಕ್ಕೋ ಕಾರಿನಲ್ಲಿ ಊರಿಗೆ ಹೊರಡುವುದೆಂದಾದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಒಂದು ಚರ್ಚೆ ತಪ್ಪಿದ್ದಲ್ಲ. ಮನೆಯ ಹಿರಿಯರು ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ಮೇಲೆಯೇ ಹೋಗಬೇಕೆನ್ನುತ್ತಾರೆ. ಅದು ಅವರು ಮೂವತ್ತು ವರ್ಷ ಬಸ್ಸಿನಲ್ಲಿ ಕುಳಿತು ಕಂಡ ದಾರಿ. ಮಗ ಮೊಬೈಲನ್ನು ಮುಂದೆ ಹಿಡಿದು, ಪನವೇಲಿನಿಂದ ಕೊಂಕಣದ ಹೆದ್ದಾರಿ ಹಿಡಿದರೆ ಇಷ್ಟು ಹೊತ್ತು ಉಳಿಯುತ್ತದೆ ಎನ್ನುತ್ತಾನೆ. ಸೊಸೆಯ ಮೊಬೈಲು ಮೂರನೆಯದೊಂದು ದಾರಿಯನ್ನು ತೋರಿಸುತ್ತದೆ. “ಎಲ್ಲವೂ ಆಕಾಶದಿಂದಲೇ ನೋಡುವುದಲ್ಲವೇನೋ? ಮತ್ತೆ ಒಂದೊಂದು ಒಂದೊಂದು ಹೇಳುವುದೇಕೆ?” ಎಂದು ಅಜ್ಜಿ ಕೇಳುತ್ತಾರೆ. ಆ ಚರ್ಚೆಯಲ್ಲೆಲ್ಲ ಬುದ್ಧಿವಂತಿಕೆಯ ಪ್ರಶ್ನೆ ಇದೊಂದೇ. ಇದಕ್ಕೆ ಉತ್ತರ ತಿಳಿದರೆ ಉಳಿದ ಜಗಳ ಅರ್ಧ ಮುಗಿದಂತೆ.

ಇದು ಕೇವಲ ಅರ್ಧ ಗಂಟೆ ಉಳಿಸುವ ಮಾತೂ ಅಲ್ಲ. ೨೦೨೪ರ ನವೆಂಬರ್ ೨೪ರಂದು ಉತ್ತರಪ್ರದೇಶದಲ್ಲಿ ದಾತಾಗಂಜಿನ ಕಡೆಯಿಂದ ಫರೀದಪುರಕ್ಕೆ ಹೊರಟ ಕಾರೊಂದು, ಮೊಬೈಲು ತೋರಿಸಿದ ದಾರಿ ಹಿಡಿದು, ರಾಮಗಂಗಾ ನದಿಯ ಸೇತುವೆಯನ್ನೇರಿತು. ಸೇತುವೆಯ ಒಂದು ಭಾಗ ಹಿಂದಿನ ನೆರೆಯಲ್ಲಿ ಕೊಚ್ಚಿಹೋಗಿತ್ತು. ನಕ್ಷೆಗೆ ಅದು ಗೊತ್ತಿರಲಿಲ್ಲ; ಅಡ್ಡಗಟ್ಟಿ ಎಚ್ಚರಿಸುವ ತಡೆಯೂ ಅಲ್ಲಿರಲಿಲ್ಲ. ಕಾರು ಕೆಳಗೆ ಬಿದ್ದು ಮೂವರು ಸತ್ತರು. ಲೋಕೋಪಯೋಗಿ ಇಲಾಖೆಯ ಎಂಜಿನಿಯರರ ಮೇಲೆ ಮೊಕದ್ದಮೆ ದಾಖಲಾಯಿತು. ತಪ್ಪು ರಸ್ತೆಯವರದೋ ನಕ್ಷೆಯವರದೋ ಎಂಬುದನ್ನು ನ್ಯಾಯಾಲಯಗಳು ತೂಗಲಿ. ಪ್ರಯಾಣಿಕರಾದ ನಾವು ತಿಳಿಯಬೇಕಾದುದು, ಆ ನೀಲಿ ಗೆರೆ ಯಾವುದರಿಂದ ಹುಟ್ಟುತ್ತದೆ ಎಂಬುದು.

ಮೊದಲು ಅಜ್ಜಿಯ ಆಕಾಶದ ಮಾತು. ದಾರಿಯಲ್ಲಿ ಹೋಗುವ ನಮ್ಮನ್ನು ಆಕಾಶದಿಂದ ಯಾರೂ ನೋಡುತ್ತಿರುವುದಿಲ್ಲ. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿರುತ್ತವೆ. ‘ಈಗ ಹೊತ್ತು ಇಷ್ಟು, ನಾನಿರುವುದು ಇಲ್ಲಿ’ ಎಂದು ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುವುದು ಅವುಗಳ ಕೆಲಸ. ಮೊಬೈಲು ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ಸಂಕೇತ ಬಂದು ತಲಪಿದರೆ ಹೊತ್ತಿನ ಅಂತರದಿಂದ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ರೇಡಿಯೋ ಅಲೆ ೩೦೦ ಮೀಟರ್ ಓಡಿಬಿಡುತ್ತದೆ. ಆ ಗಡಿಯಾರಗಳು ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ಇದರಿಂದಲೇ ಊಹಿಸಬಹುದು. ೨೦೦೦ದ ಮೇ ತಿಂಗಳವರೆಗೆ ಅಮೆರಿಕದ ಸರಕಾರ ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಅದು ನಿಂತ ಮೇಲೆಯೇ ಈ ವಿದ್ಯೆ ಬೀದಿಗೆ ಬಂದುದು. ಈಗ ಬಯಲಿನಲ್ಲಿ ನಿಂತರೆ ಸಾಮಾನ್ಯ ಮೊಬೈಲು ಐದು ಮೀಟರಿನ ಆಚೀಚೆ ನಮ್ಮ ಜಾಗವನ್ನು ಹೇಳುತ್ತದೆ.

ಇಲ್ಲೊಂದು ಸಂಗತಿಯನ್ನು ಬಹಳ ಜನ ಗಮನಿಸಿಲ್ಲ. ಒಂದೇ ಮೊಬೈಲಿನಲ್ಲಿ ಗೂಗಲ್ ನಕ್ಷೆ ತೆರೆದರೂ ಮ್ಯಾಪಲ್ಸ್ ತೆರೆದರೂ, ‘ನೀವಿರುವುದು ಇಲ್ಲಿ’ ಎಂಬ ಚುಕ್ಕೆ ಹುಟ್ಟುವುದು ಮೊಬೈಲಿನ ಒಳಗಿನ ಅದೇ ಕಿವಿಯಿಂದ. ವ್ಯತ್ಯಾಸವಿರುವುದು ಚುಕ್ಕೆಯಲ್ಲಲ್ಲ, ಚುಕ್ಕೆಯ ಸುತ್ತ ಯಾರು ಏನನ್ನು ಬರೆದಿದ್ದಾರೆ ಎಂಬುದರಲ್ಲಿ. ಅಜ್ಜಿಯ ಪ್ರಶ್ನೆಗೆ ಇದೇ ಉತ್ತರ.

ಬರೆಯುವ ಕೆಲಸ ಹಿಂದೆ ಹೇಗಿತ್ತೆಂದರೆ, ೧೮೦೨ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ನೇರ ಗೆರೆಯನ್ನು ಸರಪಳಿಯಿಂದ ಅಳೆದ. ಅದೊಂದಕ್ಕೇ ೫೭ ದಿನ ಹಿಡಿಯಿತು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಹೂಡುತ್ತ, ಬೆಂಗಳೂರಿನ ಬಳಿ ಮತ್ತೊಂದು ಗೆರೆ ಅಳೆದು ಸರಿ ನೋಡಿಕೊಂಡು, ಅವನ ಜನ ಮಂಗಳೂರಿನ ಕಡಲನ್ನು ಮುಟ್ಟಿದರು. ತಪ್ಪಿಲ್ಲವೆಂದು ಖಾತ್ರಿಯಾಗದೆ ಅವರು ಮುಂದೆ ಹೆಜ್ಜೆಯಿಡುತ್ತಿರಲಿಲ್ಲ. ಇಂದಿನ ನಕ್ಷೆಯ ಕಂಪನಿಗಳ ರೀತಿ ಇದಕ್ಕೆ ತಿರುವು ಮುರುವು. ಮೊದಲು ಎಲ್ಲವನ್ನೂ ತುಂಬಿ, ಜನ ಬಳಸುತ್ತ ಬಂದ ಹಾಗೆ ತಿದ್ದುವುದು. ಇದರಿಂದ ಲಾಭವೂ ಉಂಟು, ರಾಮಗಂಗೆಯಂಥ ಅಪಾಯವೂ ಉಂಟು.

ಈಗ ನಮ್ಮ ಮುಂದಿರುವವು ಮುಖ್ಯವಾಗಿ ನಾಲ್ಕು. ೨೦೦೫ರಲ್ಲಿ ಹುಟ್ಟಿದ ಗೂಗಲ್ ನಕ್ಷೆ ಎಲ್ಲರ ಕೈಯಲ್ಲೂ ಇದೆ. ಅಂಗಡಿ, ಔಷಧಾಲಯ, ಖಾನಾವಳಿಗಳನ್ನು ಹುಡುಕುವುದಕ್ಕೂ ವಾಹನ ದಟ್ಟಣೆ ತಿಳಿಯುವುದಕ್ಕೂ ಅದಕ್ಕೆ ಸರಿಜೋಡಿ ಇಲ್ಲ. ಮ್ಯಾಪಲ್ಸ್ ನಮ್ಮ ದೇಶದ್ದು. ೧೯೯೫ರಲ್ಲಿ ರಾಕೇಶ್ ಮತ್ತು ರಶ್ಮಿ ವರ್ಮಾ ದಂಪತಿಗಳು ಆರಂಭಿಸಿದ ಮ್ಯಾಪ್‌ಮೈಇಂಡಿಯಾ ಕಂಪನಿಯ ಕೂಸು. ಕವಲುದಾರಿ ಬಂದಾಗ ಯಾವ ಪಥ ಹಿಡಿಯಬೇಕೆಂದು ಚಿತ್ರದ ಹಾಗೆ ತೋರಿಸುವುದು, ರಸ್ತೆಯ ಉಬ್ಬು, ಗುಂಡಿ, ಕಡಿದಾದ ತಿರುವು ಮುಂದಿದೆಯೆಂದು ಎಚ್ಚರಿಸುವುದು ಇದರ ಹೆಚ್ಚುಗಾರಿಕೆ. ೨೦೨೫ರ ಅಕ್ಟೋಬರಿನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವರು ಇದನ್ನು ಹೊಗಳಿದ ಮೇಲೆ ಇದರ ಹೆಸರು ಮನೆಮನೆಗೆ ಹೋಯಿತು. ಆ್ಯಪಲ್ ನಕ್ಷೆ ಐಫೋನುಳ್ಳವರಿಗೆ ಸೇರಿದ್ದು. ನಾಲ್ಕನೆಯದು, ೨೦೦೪ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್. ಹವ್ಯಾಸಿಗಳು ಲಾಭದ ಆಸೆಯಿಲ್ಲದೆ ಕೂಡಿ ಬರೆಯುವ ನಕ್ಷೆ. ಇದನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪು ಇಂಟರ್‌ನೆಟ್ಟಿನ ಹಂಗಿಲ್ಲದೆ ನಡೆಯುತ್ತದೆ. ಆದರೆ ಅದರ ಗುಣ ಊರಿನಿಂದ ಊರಿಗೆ ಬೇರೆ. ಆಸಕ್ತಿಯುಳ್ಳ ಒಬ್ಬ ಹುಡುಗ ಇದ್ದ ಹಳ್ಳಿಯಲ್ಲಿ ಕಾಲುದಾರಿ, ಕೆರೆ, ದೇವಸ್ಥಾನ ಎಲ್ಲವೂ ಇರುತ್ತವೆ. ಅವನಿಲ್ಲದ ಪಕ್ಕದ ಹಳ್ಳಿ ಬೋಳು.

ಹೆಸರುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಆ್ಯಪಲ್ ನಕ್ಷೆ ೨೦೧೨ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಎಷ್ಟು ತಪ್ಪುಗಳಿದ್ದುವೆಂದರೆ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಅದೇ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಮಿಲ್ಡುರಾ ಪಟ್ಟಣಕ್ಕೆ ಹೊರಟವರನ್ನು ಅದು ಪಟ್ಟಣದಿಂದ ಸುಮಾರು ೭೦ ಕಿಲೋಮೀಟರ್ ದೂರದ ಕಾಡುಬಯಲಿಗೆ ಒಯ್ದು ಬಿಟ್ಟಿತು. ಸೆಕೆ ೪೬ ಡಿಗ್ರಿ ಮುಟ್ಟಬಲ್ಲ ಆ ಜಾಗದಲ್ಲಿ ಕೆಲವರು ಅನ್ನ ನೀರಿಲ್ಲದೆ ೨೪ ಗಂಟೆಯವರೆಗೆ ಸಿಕ್ಕಿಬಿದ್ದರೆಂದು ಅಲ್ಲಿನ ಪೋಲೀಸರೇ ಜನರನ್ನು ಎಚ್ಚರಿಸಿದರು. ಕಾರಣ ಬಹಳ ಸಣ್ಣದು: ಸರಕಾರಿ ಹೆಸರುಪಟ್ಟಿಯಲ್ಲಿ ಮಿಲ್ಡುರಾ ಎರಡು ಕಡೆ ಇತ್ತು.

ನಮ್ಮಲ್ಲಿ ಇಂಥ ಜೋಡಿಗಳಿಗೆ ಬರವಿಲ್ಲ. ೨೦೧೪ರ ನವೆಂಬರ್ ೧ರಂದು ಬಿಜಾಪುರ ವಿಜಯಪುರವಾಯಿತು. ಹಳೆಯ ಅಭ್ಯಾಸದಿಂದ ‘ಬಿಜಾಪುರ’ ಎಂದು ಬರೆದರೆ ಛತ್ತೀಸಗಡದಲ್ಲೊಂದು ಬಿಜಾಪುರವಿದೆ; ಹೊಸ ಹೆಸರು ಬರೆದರೆ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಸಾಗರ ಎಂದರೆ ನಮಗೆ ಶಿವಮೊಗ್ಗದ ಸಾಗರ, ನಕ್ಷೆಗೆ ಮಧ್ಯಪ್ರದೇಶದ್ದೂ ಆದೀತು. ಕೊಪ್ಪ, ಹೊಸಹಳ್ಳಿ, ಹೊಸೂರುಗಳ ಲೆಕ್ಕವಿಟ್ಟವರಾರು? ಆದ್ದರಿಂದ ಊರಿನ ಹೆಸರಿನೊಡನೆ ತಾಲೂಕು, ಜಿಲ್ಲೆ ಎರಡನ್ನೂ ಬರೆಯುವುದು ಒಳ್ಳೆಯದು. ಬಂದ ಉತ್ತರದಲ್ಲಿ ಮೊದಲು ನೋಡಬೇಕಾದುದು ಗಂಟೆಯನ್ನಲ್ಲ, ಕಿಲೋಮೀಟರನ್ನು. ಅಲ್ಲಿ ಇನ್ನೂರು ಕಿಲೋಮೀಟರ್ ಹೆಚ್ಚು ಕಂಡರೆ ಊರೇ ಬೇರೆ ಎಂದು ತಿಳಿಯಿರಿ.

ಭಾಷೆಯ ಸೌಕರ್ಯ ಮಾತ್ರ ಸುಧಾರಿಸಿದೆ. ೨೦೧೮ರ ಮಾರ್ಚಿನಿಂದ ಗೂಗಲ್ ನಕ್ಷೆ ಕನ್ನಡದಲ್ಲಿ ದಾರಿ ಹೇಳುತ್ತದೆ. ೨೦೨೧ರಲ್ಲಿ ಅಂಗಡಿ, ಆಸ್ಪತ್ರೆಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಲಿಪಿಗಳಿಗೆ ಯಂತ್ರದಿಂದಲೇ ಇಳಿಸುವ ಏರ್ಪಾಡಾಯಿತು. ಯಂತ್ರದ ಕನ್ನಡ ಆಗಾಗ ನಗೆಗೀಡಾಗುವುದುಂಟು. ಆದರೆ ದೇವನಾಗರಿ, ಇಂಗ್ಲಿಷ್ ಎರಡೂ ಓದಲು ಬಾರದೆ ಮಗನ ಮನೆಗೆ ಬಂದಿರುವ ತಾಯಿ, ಔಷಧದ ಅಂಗಡಿಯ ದಾರಿಯನ್ನು ತಾನೇ ಓದಿಕೊಂಡು ಹೋಗಿ ಬರುವುದನ್ನು ನೋಡಿದವರು ಆ ನಗೆಯನ್ನು ನುಂಗಿಕೊಳ್ಳುತ್ತಾರೆ.

ವಾಹನ ದಟ್ಟಣೆಯ ಕೆಂಪು ಗೆರೆ ಎಲ್ಲಿಂದ ಬರುತ್ತದೆ? ರಸ್ತೆಯಲ್ಲಿರುವ ನಮ್ಮ ಮೊಬೈಲುಗಳಿಂದಲೇ. ಅವು ನಿಧಾನವಾಗಿ ಚಲಿಸಿದರೆ ರಸ್ತೆ ಕಟ್ಟಿದೆ ಎಂದು ಯಂತ್ರ ತರ್ಕಿಸುತ್ತದೆ. ಬರ್ಲಿನ್ನಿನ ಸೈಮನ್ ವೆಕರ್ಟ್ ಎಂಬ ಕಲಾವಿದ ಒಂದು ಕೈಗಾಡಿಯಲ್ಲಿ ೯೯ ಮೊಬೈಲುಗಳನ್ನು ತುಂಬಿ ಖಾಲಿ ಬೀದಿಯಲ್ಲಿ ಎಳೆದುಕೊಂಡು ಹೋದ. ಗೂಗಲ್ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ೨೦೨೦ರಲ್ಲಿ ಇದನ್ನು ಅವನೇ ಪ್ರಕಟಿಸಿದ. ಇದು ತಮಾಷೆಯ ಕತೆಯಾದರೂ ಇದರ ಇನ್ನೊಂದು ಮಗ್ಗುಲು ತಮಾಷೆಯದಲ್ಲ. ಮೊಬೈಲುಗಳೇ ಓಡಾಡದ ಘಟ್ಟದ ರಸ್ತೆಯಲ್ಲಿ ಮರ ಬಿದ್ದರೆ ಹೇಳುವವರಾರು? ಅಲ್ಲಿ ಕೆಂಪು ಗೆರೆ ಇಲ್ಲವೆಂದರೆ ದಾರಿ ಸುಗಮವೆಂದಲ್ಲ. ಸುದ್ದಿಯೇ ಇಲ್ಲವೆಂದು ಅರ್ಥ.

ಮುಂಬಯಿಯ ಒಳಗಿನ ತೊಡಕುಗಳು ಬೇರೆ ಬಗೆಯವು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಚುಕ್ಕೆ ಪಕ್ಕದ ಗಲ್ಲಿಗೆ ನೆಗೆಯುತ್ತದೆ. ಎತ್ತರವನ್ನು ಅಳೆಯುವುದರಲ್ಲಿ ಜಿ.ಪಿ.ಎಸ್. ಇನ್ನಷ್ಟು ಸೋಮಾರಿ, ನಾವು ಮೇಲುಸೇತುವೆಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದು ಅದಕ್ಕೆ ತಿಳಿಯುವುದು ಕಷ್ಟ. ಸೇತುವೆ ಹತ್ತಬೇಕೇ ಬೇಡವೇ ಎಂದು ಮುಂಚಿತವಾಗಿ ಹೇಳುವ ಕ್ರಮವನ್ನು ಗೂಗಲ್ ೨೦೨೪ರ ಜುಲೈಯಲ್ಲಿ ಭಾರತದ ೪೦ ನಗರಗಳಲ್ಲಿ ತಂದಿತು. ದ್ವಿಚಕ್ರದವರು ಇನ್ನೂ ಜೋಪಾನವಾಗಿರಬೇಕು. ಬಾಂದ್ರಾ–ವರಳಿ ಸಮುದ್ರ ಸೇತುವೆ, ಅಟಲ್ ಸೇತು, ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿ, ಇವುಗಳಲ್ಲಿ ಸ್ಕೂಟರಿಗೆ ಪ್ರವೇಶವಿಲ್ಲ. ೨೦೧೭ರಿಂದ ಗೂಗಲ್ ನಕ್ಷೆಯಲ್ಲಿ ಮೋಟರ್ ಸೈಕಲ್ಲಿನ ಗುರುತು ಬೇರೆಯೇ ಇದೆ. ಕಾರಿನ ಗುರುತನ್ನೊತ್ತಿ ಸ್ಕೂಟರ್ ಬಿಡಬಾರದು. ಮಾಟುಂಗಾ ಮಧ್ಯ ರೈಲ್ವೆಯದು, ಮಾಟುಂಗಾ ರೋಡ್ ಪಶ್ಚಿಮ ರೈಲ್ವೆಯದು ಎಂಬುದು ನಮಗೆ ಗೊತ್ತು. ಊರಿಂದ ಬಂದ ನೆಂಟರಿಗೆ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ ಬನ್ನಿ ಎಂದು ಹೇಳುವಾಗ ಅದನ್ನು ಬಿಡಿಸಿ ಹೇಳಬೇಕು. ಲೋಕಲ್ ಗಾಡಿಗಳ ವೇಳೆಗಾದರೆ ೨೦೧೦ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಎಂ-ಇಂಡಿಕೇಟರ್ ಸಾಕು. ದೂರದ ಗಾಡಿ ಎಲ್ಲಿದೆಯೆಂದು ತಿಳಿಯಲು ಬೆಂಗಳೂರಿನವರು ಮಾಡಿದ ‘ವೇರ್ ಈಸ್ ಮೈ ಟ್ರೇನ್’ ಒಳ್ಳೆಯದು. ಅದು ಮೊಬೈಲ್ ಗೋಪುರಗಳ ಗುರುತಿನಿಂದ ಜಾಗ ಕಂಡುಹಿಡಿಯುವುದರಿಂದ ಬೋಗಿಯೊಳಗೆ ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಇನ್ನು ಊರಿನ ದಾರಿ. ಮಳೆಗಾಲದಲ್ಲಿ ನಾಲ್ಕು ನಕ್ಷೆಗಳೂ ಒಂದೇ. ಯಾವುದೂ ಗುಡ್ಡವನ್ನು ನೋಡುತ್ತಿರುವುದಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಹಲವರು ಸತ್ತರು. ಕರಾವಳಿಯ ಹೆದ್ದಾರಿ ಅನೇಕ ದಿನ ಮುಚ್ಚಿತ್ತು. ಅದೇ ತಿಂಗಳಲ್ಲಿ ಶಿರಾಡಿ ಘಟ್ಟದಲ್ಲಿಯೂ ಮಣ್ಣು ಕುಸಿದು ಸಂಚಾರ ನಿಂತಿತು. ಜೂನಿನಿಂದ ಸೆಪ್ಟೆಂಬರಿನ ತನಕ ಅಂಬೋಲಿ, ಚೋರ್ಲಾ, ಅರಬೈಲು, ಆಗುಂಬೆ, ಚಾರ್ಮಾಡಿ ಯಾವ ಘಟ್ಟವಾದರೂ ಸರಿ, ಹಿಂದಿನ ರಾತ್ರಿ ಆ ಕಡೆಯ ಪರಿಚಿತರೊಬ್ಬರಿಗೆ ಫೋನು ಮಾಡಿ ಕೇಳುವುದು ಯಾವ ಆ್ಯಪಿಗಿಂತಲೂ ಮೇಲು. ‘ಹತ್ತು ನಿಮಿಷ ಉಳಿಯುತ್ತದೆ’ ಎಂದು ನಕ್ಷೆ ಕತ್ತಲಾದ ಮೇಲೆ ಹೆದ್ದಾರಿ ಬಿಡಿಸಲು ನೋಡಿದರೆ ಬಿಡಬೇಡಿ. ಅದರ ಲೆಕ್ಕದಲ್ಲಿ ಗೆರೆಯಿದ್ದರೆ ರಸ್ತೆ; ಎದುರಿನಿಂದ ಲಾರಿ ಬಂದರೆ ಸರಿಯಲು ಜಾಗವುಂಟೇ ಎಂಬುದು ಆ ಗೆರೆಯಲ್ಲಿ ಕಾಣದು.

ಘಟ್ಟದಲ್ಲಿ ಇಂಟರ್‌ನೆಟ್ ಹೋದರೂ ಜಿ.ಪಿ.ಎಸ್. ಹೋಗುವುದಿಲ್ಲ, ಹೋಗುವುದು ನಕ್ಷೆಯ ಚಿತ್ರ ಮಾತ್ರ. ಆದ್ದರಿಂದ ಮನೆಯಲ್ಲಿರುವಾಗಲೇ ಕೊಲ್ಹಾಪುರದಿಂದ ನಿಮ್ಮ ಊರಿನವರೆಗಿನ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ಗೂಗಲ್ಲಿನಲ್ಲಿ ಈ ಸೌಕರ್ಯವಿದೆ. ಆ್ಯಪಲ್ ನಕ್ಷೆಯಲ್ಲಿ ೨೦೨೩ರಿಂದ ಬಂದಿದೆ. ನನ್ನನ್ನು ಕೇಳಿದರೆ ನಗರದಲ್ಲಿ ಗೂಗಲ್, ಹೆದ್ದಾರಿಯ ಕವಲುಗಳಲ್ಲಿ ಮ್ಯಾಪಲ್ಸ್, ಸಿಗ್ನಲ್ಲಿಲ್ಲದ ಮಲೆನಾಡಿನಲ್ಲಿ ಇಳಿಸಿಟ್ಟ ಯಾವುದಾದರೊಂದು ನಕ್ಷೆ ಎನ್ನುವೆನು. ಮಕ್ಕಳ ಕೈಯಲ್ಲಿ ದಾರಿಯ ಊರುಗಳ ಹೆಸರನ್ನು ಅನುಕ್ರಮವಾಗಿ ಕನ್ನಡದಲ್ಲಿ ಬರೆಸಿ ಚೀಟಿಯನ್ನು ಮುಂದಿಟ್ಟುಕೊಳ್ಳಿ. ಊರು ತಪ್ಪಿದರೆ ಮೊದಲು ಗೊತ್ತಾಗುವುದು ಅವರಿಗೇ.

ಪ್ರಯಾಣವಿಲ್ಲದವರಿಗೂ ಒಂದು ಕೆಲಸವಿದೆ. ದೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ನಿಮ್ಮ ಕಟ್ಟಡದ ಗುರುತು ನಕ್ಷೆಯಲ್ಲಿ ಎಲ್ಲಿ ಬಿದ್ದಿದೆಯೆಂದು ನೋಡಿಕೊಳ್ಳಿ. ಎಷ್ಟೋ ಸೊಸೈಟಿಗಳಲ್ಲಿ ಅದು ಹಿಂದಿನ ಗೋಡೆಯ ಮೇಲಿರುತ್ತದೆ. ಕೆಲವು ಕಡೆ ರೈಲು ಹಳಿಯ ಆಚೆಯ ರಸ್ತೆಗೆ ಹತ್ತಿರವಾಗಿ, ಪೂರ್ವದ ಮನೆಗೆ ಪಶ್ಚಿಮದಿಂದ ದಾರಿ ತೋರುತ್ತದೆ. ಪಾರ್ಸೆಲ್ ತರುವ ಹುಡುಗನಾದರೆ ಫೋನು ಮಾಡಿ ಕೇಳುತ್ತಾನೆ. ರಾತ್ರಿ ಎರಡು ಗಂಟೆಗೆ ಅಂಬ್ಯುಲೆನ್ಸ್ ಕರೆದ ಎಪ್ಪತ್ತೈದರ ಮುದುಕರಿಗೆ ಫೋನಿನಲ್ಲಿ ದಾರಿ ಹೇಳುವ ಶಕ್ತಿ ಇರಲಿಕ್ಕಿಲ್ಲ. ನಿಮ್ಮ ಮುಖ್ಯ ಗೇಟಿನ ಮುಂದೆ ನಿಂತು, ನಕ್ಷೆಯಲ್ಲಿ ಆ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಬರುವ ಗುರುತನ್ನು ಮನೆಯ ಎಲ್ಲರ ಮೊಬೈಲಿಗೂ ಕಳಿಸಿಡಿ. ಗುರುತು ತಪ್ಪಿದ್ದರೆ ತಿದ್ದುಪಡಿ ಸೂಚಿಸುವ ಅವಕಾಶ ಆ್ಯಪಿನಲ್ಲೇ ಇದೆ. ಹತ್ತು ನಿಮಿಷದ ಕೆಲಸ. ಮ್ಯಾಪಲ್ಸ್‌ನಲ್ಲಿ ಪ್ರತಿ ಜಾಗಕ್ಕೂ ಆರು ಅಕ್ಷರ ಅಂಕೆಗಳ ಒಂದು ಸಂಕೇತ ಸಿಗುತ್ತದೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ತುರ್ತು ಕರೆಯ ೧೧೨ರ ಜೊತೆಗೆ, ಬಾಗಿಲ ಹಿಂದೆ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಬಹುದು.