ಮೈಕ್ರೋವೇವ್ ಓವನ್: ಹಾಲು ಇಡುವ ಮುನ್ನ ತಿಳಿದಿರಬೇಕಾದುದು



ಸುರತ್ಕಲ್, ಕಾಟಿಪಳ್ಳ, ಕೃಷ್ಣಾಪುರದ ಕಡೆಯ ಹಲವು ಮನೆಗಳ ಅಡುಗೆಕೋಣೆಗೆ ಮೈಕ್ರೋವೇವ್ ಓವನ್ ಬಂದಿದೆ. ಗಲ್ಫಿನಲ್ಲಿರುವ ಮಕ್ಕಳು ತಂದದ್ದೋ, ಮಂಗಳೂರಿನಲ್ಲಿ ಕೊಂಡದ್ದೋ ಇರಬಹುದು. ಆಗ ಕರೆದ ಹಾಲನ್ನು ಇದರಲ್ಲೇ ಕಾಯಿಸಿ ಕುಡಿಯಬಹುದೇ? ಉತ್ತರ ಬೇಕಾದರೆ ಇದು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು.

ಬಿಸಿಯಾಗುವುದು ಹೇಗೆ?

1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬವರು ರಾಡಾರ್‌ಗೆ ಬಳಸುವ ಮ್ಯಾಗ್ನೆಟ್ರಾನ್ ಎಂಬ ಸಾಧನದಿಂದ ತಿಂಡಿ ಬಿಸಿಯಾಗುವುದನ್ನು ಗಮನಿಸಿದರು. ಇಂದಿನ ಓವನ್‌ನ ಒಳಗಿರುವುದೂ ಮ್ಯಾಗ್ನೆಟ್ರಾನೇ. ಇದರಿಂದ ಹೊರಡುವ ಅಲೆಗಳು ರೇಡಿಯೋ ಅಲೆಗಳ ಜಾತಿಯವು. ಅವು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲುಗಾಡಿಸುತ್ತವೆ, ಅದರಿಂದ ಶಾಖ ಹುಟ್ಟುತ್ತದೆ. ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ ಅದು ಬೇಗ ಬಿಸಿಯಾಗುತ್ತದೆ. ಸ್ವಿಚ್ ಆರಿಸಿದೊಡನೆ ಅಲೆಗಳು ನಿಲ್ಲುತ್ತವೆ. ಆಹಾರದಲ್ಲಿ ಯಾವ ವಿಕಿರಣವೂ ಉಳಿಯುವುದಿಲ್ಲ.

ಆದರೆ ಈ ಅಲೆಗಳು ಎಲ್ಲ ಕಡೆಗೂ ಸಮವಾಗಿ ಬೀಳುವುದಿಲ್ಲ, ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿಯುತ್ತವೆ. ತಟ್ಟೆ ತಿರುಗುತ್ತಿದ್ದರೂ ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ಉಗುರುಬೆಚ್ಚಗೆ ಇರುವುದುಂಟು.

ಹಸಿ ಹಾಲಿಗೆ ಒಲೆಯೇ ಸರಿ

ಡೇರಿಯಲ್ಲಿ ಪಾಶ್ಚೀಕರಣ ಮಾಡುವಾಗ ಹಾಲಿನ ಪ್ರತಿಯೊಂದು ಹನಿಯೂ ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಇರುವಂತೆ ನೋಡಿಕೊಳ್ಳಲಾಗುತ್ತದೆ. ಮನೆಯ ಓವನ್‌ನಲ್ಲಿ ಈ ಖಾತ್ರಿ ಇಲ್ಲ. ಬಿಸಿ ತಾಗದೆ ಉಳಿದ ಭಾಗದಲ್ಲಿ ಕ್ಷಯ, ಕಂದುರೋಗ (ಬ್ರೂಸೆಲ್ಲೋಸಿಸ್) ಮುಂತಾದವುಗಳ ರೋಗಾಣುಗಳು ಬದುಕಿ ಉಳಿಯಬಹುದು. ನಿಮ್ಮ ಹಸು ನೋಡಲು ಆರೋಗ್ಯವಾಗಿದ್ದರೂ ಹಾಲನ್ನು ಒಲೆಯ ಮೇಲೆ ಕೈಯಾಡಿಸುತ್ತಾ ಚೆನ್ನಾಗಿ ಕುದಿಸಿರಿ. ಒಮ್ಮೆ ಕುದಿಸಿಟ್ಟ ಹಾಲನ್ನು ಮತ್ತೆ ಬಿಸಿ ಮಾಡಲು ಮಾತ್ರ ಓವನ್ ಬಳಸಿರಿ.

ಕರುವಿಗೆ ಕೊಡುವ ಗಿಣ್ಣು ಹಾಲನ್ನು ಇದರಲ್ಲಿ ಬಿಸಿ ಮಾಡಬೇಡಿ. ಅತಿಯಾದ ಶಾಖ ತಾಗಿದ ಕಡೆ ಅದರಲ್ಲಿರುವ ರೋಗನಿರೋಧಕ ಅಂಶಗಳು ಕೆಡುತ್ತವೆ. ಕರೆದ ಕೂಡಲೇ ಕುಡಿಸಿರಿ. ಫ್ರಿಜ್‌ನಲ್ಲಿಟ್ಟದ್ದಾದರೆ ಪಾತ್ರೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಬೆಚ್ಚಗೆ ಮಾಡಿರಿ.

ಮಗುವಿನ ಹಾಲಿನ ಬಾಟಲಿಯನ್ನೂ ಇದರಲ್ಲಿಡಬಾರದು. ಬಾಟಲಿ ಕೈಗೆ ತಣ್ಣಗೆ ಕಂಡರೂ ಒಳಗಿನ ಹಾಲು ಮಗುವಿನ ಬಾಯಿ ಸುಡಬಹುದು.

ಬಳಸುವಾಗ ನೆನಪಿಡಿ

1. ಸ್ಟೀಲ್, ಅಲ್ಯುಮಿನಿಯಂ ಪಾತ್ರೆ ಹಾಗೂ ಜರಿ ಅಂಚಿನ ಪಿಂಗಾಣಿ ಬೇಡ, ಕಿಡಿ ಹಾರಬಹುದು. ಓವನ್‌ಗೆ ತಕ್ಕುದೆಂದು ನಮೂದಿಸಿದ ಗಾಜು ಅಥವಾ ಪಿಂಗಾಣಿ ಉತ್ತಮ.

2. ಹಾಲನ್ನು ಅರ್ಧ ಪಾತ್ರೆಯಷ್ಟೇ ಇಡಿ. ನಡುವೆ ನಿಲ್ಲಿಸಿ ಕದಡಿರಿ. ನೀರು ಕುದಿಯದಂತೆ ಕಂಡರೂ ಅಲುಗಾಡಿಸಿದೊಡನೆ ಹಠಾತ್ತನೆ ಉಕ್ಕಿ ಕೈ ಸುಡುವುದುಂಟು.

3. ಚಿಪ್ಪಿನ ಮೊಟ್ಟೆ, ಬಿಗಿಯಾಗಿ ಮುಚ್ಚಿದ ಡಬ್ಬಿ ಸಿಡಿಯಬಹುದು. ಖಾಲಿ ಓವನ್ ಚಾಲೂ ಮಾಡಬೇಡಿ.

4. ಕಡಲ ಬದಿಯ ಉಪ್ಪುಗಾಳಿಗೆ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲ ಅಂಚನ್ನು ಆಗಾಗ ಒರೆಸಿರಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸಬೇಡಿ.

5. ಅರ್ತಿಂಗ್ ಇರುವ ಪ್ಲಗ್ಗನ್ನೇ ಬಳಸಿರಿ. ಕೆಟ್ಟರೆ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಪ್ರಾಣಾಪಾಯಕರ ವಿದ್ಯುತ್ ಉಳಿದಿರಬಹುದು.

ನಿನ್ನೆಯ ಕುಚ್ಚಲಕ್ಕಿ ಅನ್ನ, ಸಾರು ಬಿಸಿ ಮಾಡಲು ಓವನ್ ಅನುಕೂಲವೇ. ಹಸಿ ಹಾಲನ್ನು ಮಾತ್ರ ಒಲೆಯಲ್ಲೇ ಕುದಿಸಿರಿ. ಮನೆಯ ಸೊಸೆಯಂದಿರಿಗೂ ಮಕ್ಕಳಿಗೂ ಇದನ್ನು ತಿಳಿಸಿರಿ.