ರುಬ್ಬುವ ಯಂತ್ರವೂ ದುಡಿಯುವ ಕೈಯೂ

ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ದೋಸೆಯ ಹಿಟ್ಟು ಸಿದ್ಧವಾಗುತ್ತಿದ್ದುದು ಹುಡುಗರ ರಟ್ಟೆಯ ಬಲದಿಂದ. ಗಿರಾಕಿಗಳೆಲ್ಲ ಹೋದ ಮೇಲೆ ಅರೆಯುವ ಕಲ್ಲಿನ ಮುಂದೆ ಕುಳಿತವನು ಏಳುವಾಗ ನಡುರಾತ್ರಿ ಕಳೆದಿರುತ್ತಿತ್ತು. ಆ ಕಷ್ಟವನ್ನು ವಿದ್ಯುತ್ ಗ್ರೈಂಡರು ನೀಗಿತು. ಆದರೆ ಕೈಯಿಂದ ತಿರುಗಿಸುವ ಗುಂಡುಕಲ್ಲು ಕೈ ನಿಂತೊಡನೆ ನಿಲ್ಲುತ್ತಿತ್ತು. ಮೋಟಾರಿನಿಂದ ತಿರುಗುವ ಕಲ್ಲಿಗೆ ಉದ್ದಿಗೂ ಬೆರಳಿಗೂ ಭೇದವಿಲ್ಲ.

ಪತ್ರಿಕೆಯ ಮೇಜಿಗೆ ಬರುವ ಮೊದಲು ನಾನು ಹೋಟೆಲಿನ ಗಲ್ಲಾದಲ್ಲಿ ಕುಳಿತವನು. ಆದುದರಿಂದ ಅನ್ಯರನ್ನು ದೂರದೆ ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ಒಂದು ಹಬ್ಬದ ಮುನ್ನಾದಿನ, ಗ್ರೈಂಡರಿನ ಮೇಲಣ ರಕ್ಷಣೆಯ ಮುಚ್ಚಳವನ್ನು ಕೆಲಸಕ್ಕೆ ಅಡ್ಡಿಯೆಂದು ತೆಗೆಯಿಸಿದವನು ನಾನೇ. ಅಂಚಿಗೆ ಅಂಟಿದ ಹಿಟ್ಟನ್ನು ಯಂತ್ರ ನಿಲ್ಲಿಸದೆ ದೂಡಲು ಹೋದ ಕುಂದಾಪುರದ ಕಡೆಯ ತರುಣನೊಬ್ಬನು ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡನು. ಆಸ್ಪತ್ರೆಯ ಖರ್ಚು ಕೊಟ್ಟೆ. ಕೈಗೆ ಹತ್ತು ಸಾವಿರ ರೂಪಾಯಿ ಇತ್ತು, ‘ಇನ್ನು ನನಗೇನೂ ಬರತಕ್ಕದ್ದಿಲ್ಲ’ ಎಂಬ ಕಾಗದಕ್ಕೆ ಎಡಗೈಯಿಂದ ರುಜು ಹಾಕಿಸಿ ಊರಿನ ಬಸ್ಸು ಹತ್ತಿಸಿದೆ. ‘ಧಣಿಗಳಿಂದ ದೊಡ್ಡ ಉಪಕಾರವಾಯಿತು’ ಎಂದನು ಅವನು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಏಕೆಂದರೆ ಅದು ಉಪಕಾರವಾಗಿರಲಿಲ್ಲ. ನಾನು ತೀರಿಸಬೇಕಾದ ಋಣದ ಒಂದು ಅಲ್ಪಾಂಶವಾಗಿತ್ತು.

ಕೆಲಸದ ನಿಮಿತ್ತ, ಕೆಲಸದ ವೇಳೆಯಲ್ಲಿ ಅಂಗಹಾನಿಯಾದರೆ ಪರಿಹಾರ ಕೊಡುವುದು ಯಜಮಾನನ ಹೊಣೆಯೆಂದು 1923ರ ಕಾಯಿದೆಯೇ ಸಾರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ತತ್ತ್ವ ಉಳಿದಿದೆ. ಯಜಮಾನನ ತಪ್ಪನ್ನು ಕಾರ್ಮಿಕನು ರುಜುವಾತು ಪಡಿಸಬೇಕಾಗಿಲ್ಲ. ‘ಅವನ ಅಜಾಗ್ರತೆ’ ಎಂಬ ನೆವವೊಂದೇ ಸಾಲದು. ಕುಡಿದ ಅಮಲು, ರಕ್ಷಣೆಯ ಸಾಧನವನ್ನು ಕೆಲಸಗಾರನು ತಾನೇ ಬೇಕೆಂದು ಕಿತ್ತುಹಾಕುವುದು ಮುಂತಾದ ಕೆಲವೇ ಕಾರಣಗಳಿಗೆ ವಿನಾಯಿತಿಯುಂಟು. ಮರಣ ಅಥವಾ ಪೂರ್ಣ ಅಂಗವಿಕಲತೆಯಾದರೆ ಅದೂ ಇಲ್ಲ. ಇನ್ನು ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕಾಗದ ಕಾಯಿದೆಯ ಮುಂದೆ ಶೂನ್ಯ.

ಲೆಕ್ಕವನ್ನೂ ನೋಡೋಣ. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ 20ರಷ್ಟು ನಷ್ಟವಾಯಿತೆಂದು ಕಾಯಿದೆಯ ಪಟ್ಟಿ ಹೇಳುತ್ತದೆ. ಹೆಬ್ಬೆರಳಿಗೆ ಶೇಕಡಾ 30. ತಿಂಗಳಿಗೆ 15,000 ರೂಪಾಯಿ ಸಂಬಳದ 25 ವರ್ಷದವನನ್ನು ತೆಗೆದುಕೊಳ್ಳಿ. ಸಂಬಳದ ಶೇಕಡಾ 60, ಅಂದರೆ 9,000. ಅದನ್ನು ಆ ವಯಸ್ಸಿಗೆ ಗೊತ್ತುಪಡಿಸಿದ 216.91ರಿಂದ ಗುಣಿಸಿ, ಬಂದುದರಲ್ಲಿ ಶೇಕಡಾ 20. ಮೊತ್ತ 3,90,438 ರೂಪಾಯಿ!

ಹೋಟೆಲು ಇ.ಎಸ್.ಐ. ಯೋಜನೆಗೆ ಒಳಪಟ್ಟು ನೀವು ಅದರ ಸದಸ್ಯರಾಗಿದ್ದರೆ ದಾರಿ ಬೇರೆ. ಆಗ ಚಿಕಿತ್ಸೆಯೂ, ಕೆಲಸಕ್ಕೆ ಹೋಗಲಾಗದ ದಿನಗಳ ಭತ್ಯವೂ, ಶಾಶ್ವತ ಊನಕ್ಕೆ ಸಲ್ಲುವ ಹಣವೂ ಆ ನಿಗಮದಿಂದಲೇ ಬರತಕ್ಕದ್ದು.

ಕೆಲಸಗಾರ ಸೋದರರೇ, ಗಾಯವಾದೊಡನೆ ಯಜಮಾನರಿಗೆ ಬರಹದಲ್ಲಿ ತಿಳಿಸಿರಿ. ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡಿರಿ. ಪರಿಹಾರದ ಅರ್ಜಿಗೆ ಎರಡು ವರ್ಷಗಳ ಅವಧಿಯುಂಟು. ಅದಕ್ಕಾಗಿ ಮುಂಬಯಿಯಲ್ಲಿಯೇ ಕುಳಿತಿರಬೇಕಾಗಿಲ್ಲ. ಊರಿಗೆ ಹೋಗಿ ನೆಲಸಿದವನು ಆ ಪ್ರಾಂತದ ಅಧಿಕಾರಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಕಾಯಿದೆ ತಿಳಿದ ಗುಮಾಸ್ತ ಮಿತ್ರರು ಇಂತಹವರ ಅರ್ಜಿಯನ್ನು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪುಣ್ಯವಿಲ್ಲ.

ಯಜಮಾನ ಮಿತ್ರರಿಗೂ ಒಂದು ಮಾತು. ಹಣವನ್ನು ತಡಮಾಡಿದರೆ ಬಡ್ಡಿ ಬೀಳುತ್ತದೆ, ದಂಡವೂ ಬೀಳಬಹುದು. ಇ.ಎಸ್.ಐ. ಇಲ್ಲದಲ್ಲಿ ಕೆಲಸಗಾರರಿಗೆ ವಿಮೆ ಮಾಡಿಸಿರಿ. ಮುಚ್ಚಳವನ್ನು ತೆಗೆಯಬೇಡಿರಿ, ಯಂತ್ರ ನಿಲ್ಲಿಸುವ ಗುಂಡಿ ಕೈಗೆಟಕುವಂತಿರಲಿ, ಯಂತ್ರ ನಿಂತ ಹೊರತು ಒಳಗೆ ಕೈ ಹಾಕಕೂಡದೆಂಬ ನಿಯಮವನ್ನು ಹಬ್ಬದ ನೂಕುನುಗ್ಗಲಿನಲ್ಲಿಯೂ ಸಡಿಲಿಸಬೇಡಿರಿ.

ಕಾಯಿದೆ ತಿಳಿದ ಮೇಲೆ ನಾನು ಬಾಕಿ ಹಣವನ್ನು ಆ ತರುಣನ ಮನೆಗೆ ಮುಟ್ಟಿಸಿದೆ. ಹಣ ತಡವಾಗಿಯಾದರೂ ಸಂದಿತು. ಬೆರಳನ್ನು ಮರಳಿಸುವ ಯಂತ್ರ ಇನ್ನೂ ಹುಟ್ಟಿಲ್ಲ.